ಅಣ್ಣನ ಧ್ವನಿಯಲ್ಲಿ

ಮುಚ್ಚಿದ ಬಾಗಿಲಿನಾಚೆ ಇಬ್ಬರು ಗಂಡಸರು ಮಾತಾಡುತ್ತಿದ್ದರು. ಒಂದು ದನಿ ಅವಳಿಗೆ ಗೊತ್ತಿತ್ತು. ಇನ್ನೊಂದು ಗೊತ್ತಿರಲಿಲ್ಲ. ದಪ್ಪನೆಯ, ನಗುನಗುತ್ತಲೇ ಮಾತಾಡುವ ದನಿ.

“ಮಾತ್ರೆ ತಗೊಂಡ್ಯಾ ಅಮ್ಮಾ?” ಎಂದಿತು ಅದು.

ಅವಳು ಬಾಗಿಲು ತಟ್ಟಿದಳು. ಎರಡೂ ದನಿಗಳು ಒಟ್ಟಿಗೇ ನಿಂತವು. ಸ್ವಲ್ಪ ಹೊತ್ತಾದ ಮೇಲೆ ಶಿಬಿರದಲ್ಲಿ ಎಲ್ಲರೂ ‘ರೇಡಿಯೋ’ ಎಂದು ಕರೆಯುತ್ತಿದ್ದವನು ಬಾಗಿಲು ತೆರೆದ. ಅವನ ಹಿಂದೆ ಒಂದು ಮೇಜು, ಒಂದು ಕುರ್ಚಿ, ಸದ್ದು ತಡೆಯಲೆಂದು ಕಿಟಕಿಗೆ ಕಟ್ಟಿದ ಕಂಬಳಿ. ಮತ್ತೆ ಯಾರೂ ಇರಲಿಲ್ಲ.

“ಏನು ಬೇಕಿತ್ತು?” ಎಂದ. ಮುಖ ಬಿಳಿಚಿಕೊಂಡಿತ್ತು.

“ಹೆಡ್‌ಫೋನು,” ಎಂದಳು. ನಿಜಕ್ಕೂ ಬಂದದ್ದು ಯಾತಕ್ಕೆಂಬುದು ಆ ಹೊತ್ತಿಗೆ ಅವಳಿಗೇ ಮರೆತುಹೋಗಿತ್ತು.

ಬರವಣಿಗೆಯ ಸ್ನಾತಕೋತ್ತರ ಕೋರ್ಸಿನ ಆರು ದಿನಗಳ ಶಿಬಿರ ಅದು. ಕೆರೆಯ ಪಕ್ಕದ ಹಳೇ ಶಾಲೆಯ ಕಟ್ಟಡದಲ್ಲಿ ಹನ್ನೆರಡು ಮಂದಿ ಬರಹಗಾರರು ಸೇರಿದ್ದರು. ತನಗೆ ಬರುವ ಒಂದು ಡಿಜಿಟಲ್ ಕೆಲಸವನ್ನು ಪ್ರತಿಯೊಬ್ಬರೂ ಉಳಿದವರಿಗೆ ಕಲಿಸಬೇಕೆಂಬುದು ಶಿಬಿರ ನಡೆಸುತ್ತಿದ್ದ ಮೇಡಂ ಹಾಕಿದ ನಿಯಮ. ಅರವತ್ತು ದಾಟಿದ ಒಬ್ಬ ಕಾದಂಬರಿಕಾರ್ತಿ ಬ್ಲಾಗ್ ಮಾಡುವುದನ್ನು ಕಲಿಸಿ ಮೊದಲ ದಿನವೇ ‘ಬ್ಲಾಗ್ ಅತ್ತೆ’ ಆದರು. ರೇಡಿಯೋದಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದ ಅವನು ‘ರೇಡಿಯೋ’ ಆದ. ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸುವ ವರದಿಗಳನ್ನು ಕೇಳಿ ಟೈಪ್ ಮಾಡುವುದು ಅವಳ ವೃತ್ತಿ. ಹಾಗಾಗಿ ಅವಳು ‘ಟೈಪು’. ಅವರಿಬ್ಬರೂ ಸೇರಿ ಐದು ನಿಮಿಷದ ಒಂದು ಧ್ವನಿಕಥೆ ಮಾಡಬೇಕಿತ್ತು.

“ಹತ್ತು ನಿಮಿಷ ಪಾಠ ಮಾಡಿದ್ರಿ. ಇಪ್ಪತ್ತೆರಡು ಸಲ ‘ಅಂದ್ರೆ’ ಅಂದ್ರಿ,” ಎಂದಿದ್ದಳು ಮೊದಲ ದಿನ.

“ಎಣಿಸ್ತಾ ಕೂತಿದ್ರಾ?”

“ನನ್ನ ಕೆಲಸಾನೇ ಅದು. ಡಾಕ್ಟರು ಕೆಮ್ಮಿದ್ರೂ ನಂಗೆ ಗೊತ್ತಾಗುತ್ತೆ.”

“ಅಂದ್ರೆ,” ಎಂದವನು ನಾಲಿಗೆ ಕಚ್ಚಿಕೊಂಡ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೂ ಅವನ ಕಣ್ಣು ಅವಳ ಮುಖದ ಮೇಲೆಯೇ ಇತ್ತು. ಅವಳು ಸುಮ್ಮನೆ ಕೀಬೋರ್ಡಿನ ಧೂಳು ಒರೆಸಿದಳು. ಧೂಳು ಇರಲಿಲ್ಲ.

ಮೂವತ್ತಾರರಲ್ಲಿ ಇಂಥದ್ದೆಲ್ಲ ಆಗುವುದಿಲ್ಲವೆಂದು ಅವಳು ಅಂದುಕೊಂಡಿದ್ದಳು. ಅಕ್ಕನ ಮನೆಯ ಮಹಡಿಯಲ್ಲಿ ದಿನವಿಡೀ ಕಿವಿಗೆ ಬೇರೆಯವರ ರೋಗ, ಬೆರಳಿಗೆ ಬೇರೆಯವರ ಮಾತು. ಈಗ ಒಬ್ಬ ಪಕ್ಕದಲ್ಲಿ ಕೂತು, “ಈ ಜಾಗ ಕೇಳಿ, ನಿಮ್ಮ ದನಿ ಇಲ್ಲಿ ಸ್ವಲ್ಪ ನಡುಗುತ್ತೆ. ನಾನು ಇದನ್ನ ಕತ್ತರಿಸಲ್ಲ,” ಎನ್ನುತ್ತಿದ್ದ.

ಆದರೆ ಸಂಜೆ ಆರಾದರೆ ಅವನು ಎದ್ದುಹೋಗುತ್ತಿದ್ದ. ಅರ್ಧ ವಾಕ್ಯದಲ್ಲಿದ್ದರೂ ಸರಿ.

“ಹೆಂಡತಿ ಇರಬೇಕು ಕಣೇ. ಇಷ್ಟು ಕರಾರುವಾಕ್ಕಾಗಿ ಗಂಡಸರು ಹೆದರೋದು ಇನ್ಯಾರಿಗೆ?” ಎಂದರು ಬ್ಲಾಗ್ ಅತ್ತೆ.

ಹೆಂಡತಿಯಾಗಿದ್ದರೆ ಒಂದು ದಿನ ಅತ್ತು ಮರೆಯಬಹುದಿತ್ತು. ಆ ಇನ್ನೊಂದು ದನಿಯನ್ನು ಏನು ಮಾಡುವುದು? ಊಟದ ಹೊತ್ತಿನಲ್ಲಿ, ಕೆರೆಯ ದಂಡೆಯಲ್ಲಿ ನಡೆಯುವಾಗ ಅದು ಅವಳ ಕಿವಿಯಲ್ಲೇ ಕೂತಿರುತ್ತಿತ್ತು. ಇಡೀ ಕಟ್ಟಡದಲ್ಲಿ ಅಂಥ ದನಿಯವನು ಒಬ್ಬನೂ ಇರಲಿಲ್ಲ.

ನಾಲ್ಕನೇ ದಿನ ಸಂಜೆ ಅವಳು ಮತ್ತೆ ಆ ಬಾಗಿಲ ಬಳಿ ಹೋಗಿ ಕಣ್ಣು ಮುಚ್ಚಿ ನಿಂತಳು. ಕದ್ದು ಕೇಳುವುದು ತಪ್ಪೆಂದು ಗೊತ್ತಿದ್ದರೂ ಕಾಲು ಕದಲಲಿಲ್ಲ. ರೇಡಿಯೋ ಪಿಸುಗುಟ್ಟಿದ್ದನ್ನೇ ಆ ದನಿ ಅರೆಕ್ಷಣ ತಡವಾಗಿ ಹೇಳುತ್ತಿತ್ತು. ಅದೇ ಮಾತು, ಅದೇ ತಡವರಿಕೆ. ಇಬ್ಬರೂ ಉಸಿರು ಎಳೆದುಕೊಳ್ಳುತ್ತಿದ್ದದ್ದೂ ಒಂದೇ ಜಾಗದಲ್ಲಿ.

ಅವನು ಹೊರಗೆ ಬಂದಾಗ ಅವಳು ಅಲ್ಲೇ ನಿಂತಿದ್ದಳು.

“ಅದು ನೀವೇ,” ಎಂದಳು. “ಆ ಇನ್ನೊಬ್ಬರೂ ನೀವೇ. ಯಾರ ದನಿ ಅದು?”

ಅವನು ಬಾಗಿಲಿಗೆ ಒರಗಿದ. “ನಮ್ಮಣ್ಣಂದು. ಹೋಗಿ ಹದಿನಾಲ್ಕು ತಿಂಗಳಾಯ್ತು.”

ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಅಣ್ಣ ಆಫೀಸಿನಲ್ಲೇ ಕುಸಿದುಬಿದ್ದು ತೀರಿಕೊಂಡದ್ದನ್ನು ಅವನು ಹೇಳಿದ. ಅಮ್ಮನಿಗೆ ಮರೆವಿನ ಕಾಯಿಲೆ, ಚಿಕ್ಕಮ್ಮ ನೋಡಿಕೊಳ್ಳುತ್ತಾರೆ. ಸುದ್ದಿ ಹೇಳಿದ ದಿನ ಅಮ್ಮ ಎದೆ ಬಡಿದುಕೊಂಡು ಅತ್ತರು. ಮರುದಿನ ಎದ್ದು, “ದೊಡ್ಡೋನು ಯಾಕೆ ಫೋನ್ ಮಾಡ್ಲಿಲ್ಲ?” ಎಂದರು. ಮತ್ತೆ ಹೇಳಿದ. ಮತ್ತೆ ಮೊದಲ ಸಲದಷ್ಟೇ ಅತ್ತರು.

“ಮೂರನೇ ದಿನ ನನ್ನ ಕೈಲಿ ಆಗ್ಲಿಲ್ಲ. ಅಣ್ಣನ ವಾಯ್ಸ್ ಮೆಸೇಜು ರಾಶಿ ಇತ್ತು. ಅದನ್ನೆಲ್ಲ ಸಾಫ್ಟ್‌ವೇರಿಗೆ ಹಾಕಿದೆ. ನಾನು ಮಾತಾಡಿದ್ರೆ ಅವನ ದನಿಯಲ್ಲಿ ಬರುತ್ತೆ.”

“ನಿಮ್ಮ ದನಿಯಲ್ಲೇ ಮಾತಾಡಲ್ವಾ?”

“ನನ್ನ ದನಿಯಲ್ಲಿ ಮಾಡಿದ್ರೆ ಮೊದಲು ಕೇಳೋದೇ ಅಣ್ಣ ಎಲ್ಲಿ ಅಂತ. ನನ್ನ ಬಾಯಲ್ಲಿ ಸುಳ್ಳು ಬರಲ್ಲ. ಅವನ ಬಾಯಲ್ಲಿ ಬರುತ್ತೆ.” ಸ್ವಲ್ಪ ತಡೆದು, “ನಿಜ ಹೇಳ್ಬೇಕು ಅಂದ್ರೆ, ಅಮ್ಮನಿಗೋಸ್ಕರ ಮಾತ್ರ ಅಲ್ಲ. ದಿನಕ್ಕೊಂದು ಸಲ ಆ ದನಿ ಕೇಳ್ದೆ ಇದ್ರೆ ನಂಗೂ ಆಗಲ್ಲ. ಅವನು ಹೋದ್ಮೇಲೆ ನಾನು ಒಂದು ಹನಿ ಕಣ್ಣೀರೂ ಹಾಕಿಲ್ಲ,” ಎಂದ.

ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಅಲ್ಲಿಂದ ಎದ್ದು ಓಡಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡದೆ, “ನಾಳೆ ನಾನು ಪಕ್ಕದಲ್ಲಿ ಕೂತ್ಕೊಳ್ಲಾ?” ಎಂದಳು.

ಮರುದಿನ ಆರು ಗಂಟೆಗೆ ಆ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು. ಸತ್ತವನು ನಗುತ್ತಾ, “ಊಟ ಆಯ್ತಾ ಅಮ್ಮಾ?” ಎಂದ. ಅವಳು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

“ಆಯ್ತಪ್ಪಾ. ಚಿಕ್ಕೋನು ಸಿಕ್ಕಿದ್ನಾ?” ಎಂದಿತು, ಅವಳಿಗೂ ಕೇಳಲೆಂದು ಹಾಕಿದ್ದ ಸ್ಪೀಕರಿನಲ್ಲಿ ಆ ಕಡೆಯ ಮುದಿ ದನಿ.

ರೇಡಿಯೋ ಬೆಚ್ಚಿದ. “ಯಾಕಮ್ಮಾ?”

“ನಂಗೊಂದು ಫೋನ್ ಮಾಡಲ್ಲ ನೋಡು ಅವನು. ಕೋಪ ಇರುತ್ತೆ. ಚಿಕ್ಕಂದಿನಿಂದ್ಲೂ ನಿನ್ನನ್ನೇ ಹೊಗಳಿ ಹೊಗಳಿ ಅವನ್ನ ಮೂಲೆಗೆ ಕೂರಿಸ್ಬಿಟ್ಟೆ. ಅವನು ಕಥೆ ಓದ್ತಿದ್ನಲ್ಲ ರೇಡಿಯೋಲಿ, ಕೆಲಸ ಬಿಟ್ಟು ಕೇಳ್ತಿದ್ದೆ ಕಣೋ. ಒಂದಿನ ಆದ್ರೂ ಚೆನ್ನಾಗಿತ್ತು ಅನ್ನಲಿಲ್ಲ. ನೀನು ಹೇಳ್ತೀಯಾ ಅವನಿಗೆ?”

ಅವನ ತುಟಿ ಅದುರಿತು. ಸಾಫ್ಟ್‌ವೇರು ಅದನ್ನು ಮಾತೆಂದು ತಿಳಿದು ಏನೋ ಗೊರಗುಟ್ಟಿತು. ಅವಳು ಅವನ ಬಲಗೈಯನ್ನು ಹಿಡಿದು ಮೌಸಿನ ಮೇಲೆ ಇಟ್ಟಳು. ಬೆರಳು ಒತ್ತಲಿಲ್ಲ. ಅದು ಅವನೇ ಮಾಡಬೇಕಾದದ್ದು.

ಅವನು ಒತ್ತಿದ. ಹಸಿರು ಗೆರೆ ಮಲಗಿತು.

“ಅಮ್ಮಾ,” ಎಂದ, ಒಡೆದ ತನ್ನದೇ ದನಿಯಲ್ಲಿ. “ಚಿಕ್ಕೋನಮ್ಮಾ ನಾನು. ಇಲ್ಲೇ ಇದೀನಿ.”

ಆ ಕಡೆ ಅಮ್ಮ ಮಗುವಿನ ಹಾಗೆ ನಕ್ಕರು. “ಅಯ್ಯೋ, ಇಬ್ರೂ ಒಟ್ಟಿಗೇ ಇದೀರಾ?”

ಅವನು ಕಂಬಳಿ ಕಟ್ಟಿದ ಕಿಟಕಿಯನ್ನು, ಖಾಲಿ ಗೋಡೆಯನ್ನು ನೋಡಿದ. “ಹೂಂ ಅಮ್ಮಾ,” ಎಂದ. “ಒಟ್ಟಿಗೇ ಇದೀವಿ.”

ಕರೆ ಮುಗಿದ ಮೇಲೆ ಅವನು ಮೇಜಿಗೆ ತಲೆಯಿಟ್ಟು ಅತ್ತ. ಹದಿನಾಲ್ಕು ತಿಂಗಳು ತಡೆದಿಟ್ಟ ಅಳು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು, ಅದು ನಿಲ್ಲುವ ತನಕ ತೆಗೆಯಲಿಲ್ಲ.

ಕೊನೆಯ ದಿನ ಅವರ ಧ್ವನಿಕಥೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಜೆ ಆರಕ್ಕೆ ಇಬ್ಬರೂ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲಿದ್ದರು. ಅವಳ ರೈಲು ಮೊದಲು; ಅವನದು ಬೇರೆ ದಿಕ್ಕಿಗೆ. ಅವನು ಬರಿಯ ಫೋನಿನಿಂದ ಅಮ್ಮನಿಗೆ ಕರೆ ಮಾಡಿ ಸ್ಪೀಕರ್ ಹಾಕಿದ.

“ಚಿಕ್ಕೋನಾ? ಗಲಾಟೆ ಏನದು?”

“ಸ್ಟೇಷನ್ ಅಮ್ಮಾ. ಒಬ್ರನ್ನ ಕಳಿಸೋಕೆ ಬಂದಿದೀನಿ.”

“ಹುಡುಗಿನಾ?”

ಅವಳು ಕೆಂಪಗಾಗಿ ಹಳಿಗಳ ಕಡೆ ತಿರುಗಿದಳು.

“ಹೂಂ.”

“ನಿನ್ನ ಕಂಡ್ರೆ ಇಷ್ಟಾನಾ ಅವಳಿಗೆ?”

“ಗೊತ್ತಿಲ್ಲಮ್ಮಾ. ಕೇಳಿಲ್ಲ.”

“ರೈಲು ಹೋದ್ಮೇಲೆ ಕೇಳ್ತೀಯೇನೋ ಪೆದ್ದು? ಈಗ್ಲೇ ಕೇಳು. ನಾನು ಲೈನಲ್ಲೇ ಇರ್ತೀನಿ.”

ಅವನು ಅವಳ ಕಡೆ ತಿರುಗಿದ. “ನಂಗೆ ನೀನು ಬೇಕು,” ಎಂದ. ಮೊದಲ ಸಲ ‘ನೀವು’ ಬಿಟ್ಟು ‘ನೀನು’ ಎಂದಿದ್ದ. “ನಿಂಗೆ?”

ರೈಲಿನ ಸದ್ದು ದೂರದಿಂದ ಬರುತ್ತಿತ್ತು. ಅವಳು ಫೋನಿನ ಹತ್ತಿರ ಬಾಗಿದಳು.

“ಅಮ್ಮಾ, ನಂಗೂ ಇಷ್ಟ.”

ಅಮ್ಮನ ಖುಷಿ ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟಿತ್ತು. ಆಮೇಲೆ ಕೇಳಿದರು, “ದೊಡ್ಡೋನು ಏನಂತಾನೆ?”

ಅವನ ಮುಖ ಒಮ್ಮೆಲೇ ಕಳೆಗುಂದಿತು. ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು.

“ಅವರು ಇಲ್ಲಿಲ್ಲಮ್ಮಾ,” ಎಂದಳು ಮೆಲ್ಲಗೆ. “ಅವರ ಬಗ್ಗೆ ನಂಗೆ ಏನೂ ಗೊತ್ತಿಲ್ಲ. ನೀವು ಹೇಳ್ತೀರಾ?”

ಅಮ್ಮ ಹೇಳತೊಡಗಿದರು. ದೊಡ್ಡೋನು ಮೊದಲ ಸಲ ಸೈಕಲ್ಲಿನಿಂದ ಬಿದ್ದದ್ದು, ಚಿಕ್ಕೋನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋದದ್ದು. ರೈಲು ಬಂತು, ಎರಡು ನಿಮಿಷ ನಿಂತಿತು, ಹೊರಟುಹೋಯಿತು. ಅವಳು ಬೆಂಚಿನಿಂದ ಏಳಲಿಲ್ಲ.