‘ಬಂದೆ’ ಅನ್ಬೇಡಿ ಅಳಿಯಂದ್ರೇ

“ಆ ಪೀಪಾಯಿ ಹತ್ರ ಯಾರು ಕರೆದ್ರೂ ‘ಬಂದೆ’ ಅನ್ಬೇಡಿ ಅಳಿಯಂದ್ರೇ,” ಎಂದಳು ಅತ್ತೆ.

ವಿಸ್ಕಿ ಕಾರ್ಖಾನೆಯ ಯಜಮಾನಿ ಅವಳು. ಅವಳು ಕೆಮ್ಮಿದರೆ ಯಂತ್ರಗಳೂ ಉಸಿರು ಬಿಗಿಹಿಡಿಯುತ್ತಿದ್ದವು. ಮೇಲ್ವಿಚಾರಣೆಗೆಂದು ಹೊಸದಾಗಿ ಬಂದಿದ್ದ ಅಳಿಯನೊಬ್ಬನೇ ಹಲ್ಲು ಕಿರಿದ. “ಮತ್ತೇನನ್ಲಿ ಅತ್ತೆ, ‘ಹೋದೆ’ ಅನ್ಲಾ?”

“ನಗಿ, ನಗಿ. ಅದನ್ನ ಮಾಡಿದ ಬಡಗಿ ಒಳಗಿಳಿದು ತೊಳೀತಿದ್ದ. ಕರೆದ್ರು. ‘ಬಂದೆ’ ಅಂದ. ಆಚೆ ಬಂದ ಅಂದ್ಕೊಂಡು ಮುಚ್ಚಳ ಬಡಿದು ತುಂಬಿಸ್ಬಿಟ್ರು. ಅವನ ಹೆಂಡ್ತಿ ತನ್ನ ತಲೆಗೂದಲು ಕಿತ್ತು ಪೀಪಾಯಿಯ ಕಬ್ಬಿಣದ ಪಟ್ಟಿ ಕೆಳಗೆ ಸಿಕ್ಕಿಸಿ ಮಾಟ ಮಾಡಿದ್ಲು. ‘ಬಂದೆ’ ಅಂದೋರೆಲ್ಲ ಇದರೊಳಗೇ ಬರ್ಲಿ ಅಂತ.”

“ಸುಟ್ಟುಹಾಕೋದಲ್ವಾ?”

“ಕೊಳ್ಳಿ ಹಿಡಿದೋನ ಹೆಸರೇ ಹಿಡಿದು ಕರೀತು.”

ಅಳಿಯನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಒಮ್ಮೆ ಮದ್ಯ ಕುಡಿದ ಮರ ಎರಡನೇ ಸಲಕ್ಕೆ ಹದವಾಗಿ ರುಚಿ ಬಿಡುತ್ತದೆ. ಅಂಥದ್ದನ್ನು ಮೂಲೆಯಲ್ಲಿ ಒಣಗಿಸಿಡುವುದೇ? ಒಳಮೈ ಕೆರೆದು, ಕರಕಲಾಗುವಷ್ಟು ಸುಟ್ಟು, ಮತ್ತೆ ವಿಸ್ಕಿ ತುಂಬಿಸಿದರಾಯಿತು ಎಂದು ಉಗ್ರಾಣಕ್ಕೆ ನಡೆದ.

ಹೊರಗೆ ಸುಡುಬಿಸಿಲು. ಒಳಗೆ ಗವಿಯ ಕತ್ತಲು. ಹಸಿ ಮರ, ಹುಳಿ, ಸುಟ್ಟ ಸಕ್ಕರೆಯ ವಾಸನೆ ಮೂಗಿಗೆ ಅಂಟಿಕೊಂಡಿತು. ಗೋಡೆಯ ಬೂಷ್ಟು ಕಂಬಳಿಯಷ್ಟು ದಪ್ಪ. ತುದಿಯಲ್ಲಿ ಎಮ್ಮೆಯಂತೆ ಮಲಗಿತ್ತು ಆ ಪೀಪಾಯಿ. ಬಾಗಿ ಅದರ ತೂತಿಗೆ ಮೂಗಿಟ್ಟ.

“ರೀ, ಊಟಕ್ಕೆ ಬನ್ರೀ!” ಹೆಂಡತಿಯ ದನಿ.

ತಮಾಷೆಗೆಂದೇ ತೂತಿಗೆ ಬಾಯಿಟ್ಟು ರಾಗ ಎಳೆದ. “ಬಂದೇಏಏ!”

ಎಂದಮೇಲೆ ಹೊಳೆಯಿತು, ದನಿ ಬಂದದ್ದು ಒಳಗಿನಿಂದ.

ಕತ್ತಲು. ಮಂಡಿ ಗಲ್ಲಕ್ಕೆ ಒತ್ತಿತ್ತು. ಬೆನ್ನಿಗೆ ಮರ. ತಲೆಗೆ ಮರ. ಯಾರದೋ ಉಸಿರು ಕಿವಿ ಸವರಿತು. “ಇನ್ನು ನಿನ್ನ ಪಾಳಿ. ಇನ್ನೊಬ್ರು ‘ಬಂದೆ’ ಅನ್ನೋವರೆಗೂ.” ಉಸಿರು ತೂತಿನಿಂದ ನುಸುಳಿ ಹೊರಟುಹೋಯಿತು.

ಒದ್ದ. ಪರಚಿದ. ಉಗುರು ಕಿತ್ತುಬಂತು. ಮರ ಅಲುಗಲಿಲ್ಲ.

ಹೆಜ್ಜೆ ಸದ್ದು. ತೂತಿಗೆ ಕಣ್ಣಿಟ್ಟ. ಹೆಂಡತಿ. ನಿಜವಾದವಳು. ಬಸುರಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ಎಲ್ಲಿದೀರಾ ರೀ?”

ಅವನಿಗೆ ಗೊತ್ತಿತ್ತು. ತಾನು ಕರೆದರೆ ಅವಳು ನಿದ್ದೆಯಲ್ಲೂ ‘ಬಂದೇ ರೀ’ ಅನ್ನುವವಳು. ಕರೆಯಬಾರದು. ತುಟಿ ಕಚ್ಚಿದ. ಕರೆಯಬಾರದು. ಕರೆಯಬಾರದು.

“ಇವಳೇ! ಬೇಗ ಬಾರೇ!” ಕೂಗಿಯೇಬಿಟ್ಟ.

“ಬಂ—”

ಹಿಂದಿನಿಂದ ಒಂದು ಕೈ ಚಾಚಿ ಅವಳ ಬಾಯಿ ಮುಚ್ಚಿತು.

“ಅತ್ತೇ!” ಅವನು ಚೀರಿದ. “ಅತ್ತೇ, ನಾನು, ನಿಮ್ಮ ಅಳಿಯ!”

“ಗೊತ್ತು ಕಣಪ್ಪಾ,” ಎಂದಳು ಅತ್ತೆ. ದನಿ ನಡುಗುತ್ತಿತ್ತು. ಎಡಗೈ ಮಗಳ ಬಾಯಿಯ ಮೇಲೆಯೇ ಇತ್ತು. ಬಲಗೈ ಪೀಪಾಯಿಯ ಬಾಯಿಗೆ ಬಿರಡೆ ಒತ್ತಿತು.