ಕೈಗಂಟಿದ ಸೊಗಡು

"ನೀವೇನಾ ಸೌಜನ್ಯ? ಮುರಳಿ ದಿನಾ ನಿಮ್ಮ ವಿಷಯಾನೇ ಹೇಳ್ತಿರ್ತಾರೆ," ಎಂದು ನಗುತ್ತಾ ಅವಳು ಕೈ ಚಾಚಿದಳು.

ಸೌಜನ್ಯ ನಗುತ್ತಲೇ ಕೈ ಕುಲುಕಿದಳು. ಮರುಕ್ಷಣವೇ ಅವಳ ನಗು ಆರಿಹೋಯಿತು.

ಅಂಗೈಗೆ ಏನೋ ಜಿಡ್ಡು ಅಂಟಿತ್ತು. ಸೆರಗು ಸರಿಪಡಿಸುವಂತೆ ಕೈಯನ್ನು ಮೂಗಿನ ಬಳಿ ತಂದಳು. ತುಪ್ಪ ಕಾಯಿಸುವಾಗ ಮನೆಯೆಲ್ಲ ತುಂಬುವಂಥ, ಅದರಲ್ಲೇ ಒಂದಿಷ್ಟು ಹಸಿರು ಬೆರೆತಂಥ ಪರಿಮಳ...

'ಇದು ನನ್ನ ಅವರೆಯ ಸೊಗಡು. ಇವಳ ಕೈಗೆ ಹೇಗೆ ಬಂತು?'

ಸಂಕ್ರಾಂತಿ ಕಳೆದ ವಾರದ ಬೆಳಗು. ಮೇಲೂರಿನಲ್ಲಿ ಮುರಳಿಮೋಹನನ ಹೊಲದ ಬದುವಿನ ಮೇಲೆ ಮೂವರೂ ನಿಂತಿದ್ದರು.

ಸೌಜನ್ಯ ಚಿಂತಾಮಣಿ ಬಳಿಯ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಅವರೆಕಾಯಿಗೆ ಸೊಗಡು ಯಾವ ವಂಶವಾಹಿಗಳಿಂದ ಬರುತ್ತದೆ ಎಂದು ಹುಡುಕುವುದೇ ಅವಳ ಕೆಲಸ. ವರ್ಷವಿಡೀ ಕಾಯಿ ಬಿಡುವ ಹೊಸ ತಳಿಗಳಲ್ಲಿ ಆ ಸೊಗಡು ಇರಲಿಲ್ಲ. ಅವಳ ಅಮ್ಮ ರಾಮಲಕ್ಷ್ಮಮ್ಮ ಗೌರಿಬಿದನೂರಿನ ತವರಿನಿಂದ ತಂದು, ಬೂದಿ ಬೆರೆಸಿ ಮಡಕೆಯಲ್ಲಿ ಕಾಪಾಡಿಕೊಂಡಿದ್ದ ಒಂದು ಹಿಡಿ ಬೀಜದಿಂದ ಶುರುಮಾಡಿ, ವರ್ಷಗಟ್ಟಲೆ ಆರಿಸಿ ಆರಿಸಿ ಸೌಜನ್ಯ ಒಂದು ತಳಿಯನ್ನು ರೂಪಿಸಿದ್ದಳು. ಈ ಬೇಸಿಗೆಯಲ್ಲಿ ಅದು ತಳಿ ಬಿಡುಗಡೆ ಸಮಿತಿಯ ಮುಂದೆ ಹೋಗಬೇಕಿತ್ತು.

ಜಿನೋಮ್ ತರಬೇತಿಗೆಂದು ಆರು ತಿಂಗಳು ಹೈದರಾಬಾದಿಗೆ ಹೊರಟಾಗ ಆ ಬೀಜವನ್ನು ಅವಳು ಒಬ್ಬನನ್ನು ನಂಬಿ ಕೊಟ್ಟಿದ್ದಳು.

"ನಾನು ಬರೋವರೆಗೂ ಯಾರಿಗೂ ಒಂದು ಕಾಳೂ ಕೊಡ್ಬೇಡಿ, ಮುರಳಿ."

"ನಮ್ಮಮ್ಮ ಸಾರಿಗೆ ಕೇಳಿದ್ರೂ ಕೊಡಲ್ಲ ಕಣ್ರೀ," ಎಂದಿದ್ದ ಅವನು.

ಮುರಳಿ ಬಿಎಸ್ಸಿ ಅಗ್ರಿ ಓದಿ ಸ್ವಂತ ಹೊಲಕ್ಕೇ ಬಂದು ನಿಂತವನು. ಕೇಂದ್ರದ ಪ್ರಯೋಗಗಳಿಗೆಂದು ಒಂದಿಷ್ಟು ಜಾಗ ಬಿಟ್ಟುಕೊಟ್ಟಿದ್ದ. ಅವರಿಬ್ಬರ ನಡುವೆ ಇನ್ನೂ ಆಡದ ಒಂದು ಮಾತಿತ್ತು. ಊರಿಗೆ ಬಂದ ಮೇಲೆ ತಾನೇ ಹೇಳಿಬಿಡೋಣ ಎಂದುಕೊಂಡೇ ಸೌಜನ್ಯ ಇವತ್ತು ಸ್ಕೂಟರ್ ಹತ್ತಿದ್ದಳು.

ಬಂದರೆ, ಹೊಲದಲ್ಲಿ ಈ ಭಾನುಪ್ರಿಯಾ. ಸೌಜನ್ಯ ಇಲ್ಲದಾಗ ಕೇಂದ್ರಕ್ಕೆ ಸೇರಿದ ಹೊಸ ವಿಜ್ಞಾನಿ. ಮುರಳಿಯ ಜೊತೆ ತೆಲುಗಿನಲ್ಲಿ ಏನೋ ಹೇಳಿ ನಗುತ್ತಿದ್ದಳು. ಅವಳ ಎಡಗೈಯಲ್ಲಿ ಮುರಳಿಯ ಫ್ಲಾಸ್ಕಿನ ಮುಚ್ಚಳ, ಅದರಲ್ಲಿ ಟೀ.

ಆ ಮುಚ್ಚಳದಲ್ಲಿ ಟೀ ಕುಡಿಯುತ್ತಿದ್ದವಳು ಸೌಜನ್ಯ.

"ಕೈಗೆ ಒಳ್ಳೆ ಸೊಗಡು ಹತ್ತಿದೆ. ಎಲ್ಲಿ ಕಿತ್ತಿರಿ?" ಎಂದು ಕೇಳಿದಳು, ದನಿ ಆದಷ್ಟು ಸಹಜವಾಗಿರುವಂತೆ.

"ಅಲ್ಲಿ, ಬದುವಿನ ಆಚೆ. ನನ್ನ ಕ್ರಾಸ್ ಗಿಡಗಳು, ಎರಡು ತಳಿ ಕೂಡಿಸಿ ಬೆಳೆಸಿದ್ದು. ತಮಾಷೆ ಗೊತ್ತಾ? ಅಪ್ಪ ಅಮ್ಮ ಎರಡಕ್ಕೂ ಸೊಗಡಿಲ್ಲ. ಇದಕ್ಕೆ ಮಾತ್ರ ಹೆಂಗೆ ಬಂದಿದೆ ನೋಡಿ!"

'ಎರಡಕ್ಕೂ ಇಲ್ಲದ್ದು ಮಗುವಿಗೆ ಬಂತಂತೆ. ಯಾರಿಗೆ ಹೇಳ್ತೀಯಮ್ಮ ಈ ಕತೆ?'

ಕೆಲಸಕ್ಕೆ ಬಂದಿದ್ದ ಮುನಿಗಂಗಮ್ಮ ಯಾವ ಸಾಲು ಬಿಡಿಸಲಿ ಎಂದು ಕೂಗಿದಳು. ಭಾನುಪ್ರಿಯಾ ಅತ್ತ ಓಡಿದಳು. ಸೌಜನ್ಯ ಬದು ದಾಟಿ ಒಂದು ಎಳೆಯ ಎಲೆ ಚಿವುಟಿ ಪರ್ಸಿಗೆ ಹಾಕಿಕೊಂಡಳು. ತಿರುಗಿದರೆ ಮುರಳಿ ನೋಡುತ್ತಾ ನಿಂತಿದ್ದ.

"ಅದ್ಯಾಕೆ?"

"ಸುಮ್ನೆ," ಎಂದವಳೇ ಸ್ಕೂಟರಿನತ್ತ ನಡೆದುಬಿಟ್ಟಳು.

ಸಂಜೆ ರಾಮಲಕ್ಷ್ಮಮ್ಮ ನೆನೆಹಾಕಿದ ಅವರೆಕಾಳಿನ ಬೋಗುಣಿ ಮುಂದಿಟ್ಟುಕೊಂಡು ಹಿದುಕುತ್ತಿದ್ದರು. ಪಕ್ಕದಲ್ಲಿ ಕೂತ ಮಗಳು ಹಿದುಕಿದ ರಭಸಕ್ಕೆ ಕಾಳುಗಳು ಸಿಪ್ಪೆಯಿಂದ ಚಿಮ್ಮಿ ಗೋಡೆಗೆ ಬಡಿಯುತ್ತಿದ್ದವು.

"ನಿಧಾನ ಕಣೇ ಅಮ್ಮಯ್ಯ. ಕಾಳು ಏನು ಮಾಡ್ತು ನಿಂಗೆ?"

ಅಷ್ಟರಲ್ಲಿ ಫೋನ್ ಬಂತು. ಮುರಳಿ.

"ಯಾಕೆ ಹಂಗೆ ಹೊರಟೋದ್ರಿ ಸೌಜನ್ಯ? ಅಮ್ಮ ಮುದ್ದೆ ಮಾಡಿ ಕಾಯ್ತಿದ್ರು."

"ನನ್ನ ಬೀಜ ಅವಳಿಗೆ ಕೊಟ್ರಾ?"

"ಏನಂದ್ರಿ?"

"ಅವಳ ಗಿಡಕ್ಕೆ ನಮ್ಮ ಸೊಗಡು ಎಲ್ಲಿಂದ ಬಂತು, ಹೇಳಿ."

"ಭಾನು ಹೇಳಿದ್ರಲ್ಲ..."

ಭಾನು. ಡಾಕ್ಟರ್ ಅಲ್ಲ, ಭಾನುಪ್ರಿಯಾ ಕೂಡ ಅಲ್ಲ. ಭಾನು! ಸೌಜನ್ಯಳ ಎದೆಯೊಳಗೆ ಒಣಮೆಣಸಿನಕಾಯಿ ಹುರಿದ ಹಾಗಾಯಿತು.

"ಭಾನು ಹೇಳಿದ್ದನ್ನ ನೀವು ನಂಬ್ಕೊಳ್ಳಿ. ನಾನು ಎಲೆ ತಂದಿದ್ದೀನಿ. ಡಿಎನ್‌ಎ ಟೆಸ್ಟ್ ಹಾಕ್ತೀನಿ."

ಅವನು ಮೆಲ್ಲಗೆ, "ಹಾಕಿ, ಮೇಡಂ," ಎಂದು ಫೋನ್ ಇಟ್ಟುಬಿಟ್ಟ.

ಮೇಡಂ... ಪರಿಚಯವಾದ ಮೊದಲ ದಿನವೂ ಅವನು ಹಾಗೆ ಕರೆದಿರಲಿಲ್ಲ.

ಅಮ್ಮ ತಲೆಯೆತ್ತದೆ ಕಾಳು ಹಿದುಕುತ್ತಲೇ ಹೇಳಿದರು. "ನಿಮ್ಮಪ್ಪ ಒಂದ್ಸಲ ಪಕ್ಕದ್ಮನೆ ಜ್ಯೋತಿಲಕ್ಷ್ಮಿ ಸಾರು ಬಲೇ ರುಚಿ ಅಂದಿದ್ರು. ಒಂದು ವಾರ ಉಪ್ಪಿಲ್ದೆ ಬಡಿಸ್ದೆ. ಪಾಪ, ಉಸಿರೆತ್ತದೆ ಉಂಡ್ರು. ಆಮೇಲೆ ಗೊತ್ತಾಯ್ತು, ನಂಗೆ ಉರಿದಿದ್ದು ಸಾರಿಗಲ್ಲ ಅಂತ."

"ಇದು ಸಾರಿನ ವಿಷಯ ಅಲ್ಲಮ್ಮ. ನನ್ನ ಕೆಲಸ. ನಿನ್ನ ಬೀಜ."

"ಹೂಂ ಕಣವ್ವ. ನಾನು ಅಲ್ಲ ಅಂದ್ನಾ?"

ಮರುದಿನ ಲ್ಯಾಬಿನಲ್ಲಿ ಎಲೆಯ ಡಿಎನ್‌ಎ ತೆಗೆದು, ಹೋಲಿಸಿ ನೋಡಲು ಅಮ್ಮನ ತಳಿಯ ಡಿಎನ್‌ಎ ಪಕ್ಕದಲ್ಲೇ ಅದನ್ನೂ ಜೆಲ್ಲಿನಲ್ಲಿ ಓಡಿಸಿದಳು. ಬೆಳಕು ಹಾಕಿದಾಗ ಗೆರೆಗಳು ಮೂಡಿದವು. ಸೌಜನ್ಯ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

ಎರಡಕ್ಕೂ ಹೋಲಿಕೆಯೇ ಇಲ್ಲ. ಅದು ಅವಳ ಬೀಜವಲ್ಲ.

ಆಗ ನೆನಪಾಯಿತು. ಸೊಗಡು ಬರಲು ಎರಡು ವಂಶವಾಹಿಗಳು ಜೊತೆಗಿರಬೇಕು. ಒಂದು ತಳಿಯಲ್ಲಿ ಒಂದೇ ಇರುತ್ತದೆ, ಇನ್ನೊಂದರಲ್ಲಿ ಇನ್ನೊಂದು. ದೂರವಿದ್ದಷ್ಟು ದಿನ ಎರಡಕ್ಕೂ ವಾಸನೆಯಿಲ್ಲ. ಕೂಡಿದರೆ ಅವುಗಳ ಮಗುವಿನ ಮೈತುಂಬ ಸೊಗಡು. ಭಾನುಪ್ರಿಯಾ ಹೇಳಿದ್ದು ನಿಜ. ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ತಾನೇ ಬೋರ್ಡಿನ ಮೇಲೆ ಬರೆದು ಹೇಳಿಕೊಡುವ ಪಾಠ ಅದು. ಹೊಟ್ಟೆಕಿಚ್ಚಿನಲ್ಲಿ ಅದನ್ನೇ ಮರೆತಿದ್ದಳು.

ಮನಸ್ಸು ಹಗುರಾಗಬೇಕಿತ್ತು. ಬೀಜ ಕ್ಷೇಮವಾಗಿತ್ತು, ತಳಿ ತನ್ನದೇ ಆಗಿತ್ತು.

ಆದರೆ ಫ್ಲಾಸ್ಕಿನ ಆ ಮುಚ್ಚಳ ಇನ್ನೂ ಕಣ್ಣಮುಂದೆಯೇ ಇತ್ತು. ಆ ನಗು ಇನ್ನೂ ಕಿವಿಯಲ್ಲಿತ್ತು. ಉರಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

'ಹಾಗಾದರೆ ನನಗೆ ಉರಿದಿದ್ದು ಬೀಜಕ್ಕಲ್ಲ...'

ಭಾನುಪ್ರಿಯಾ ತನ್ನ ಮೇಜಿನ ಬಳಿಯೇ ಸಿಕ್ಕಳು. ಸೌಜನ್ಯ ನೇರವಾಗಿ ಹೇಳಿದಳು. "ನಿಮ್ಮ ಗಿಡದ ಎಲೆ ಕದ್ದು ಟೆಸ್ಟ್ ಮಾಡ್ದೆ. ನನ್ನ ಬೀಜ ನಿಮ್ಮ ಹತ್ರ ಇದೆ ಅಂದ್ಕೊಂಡಿದ್ದೆ. ತಪ್ಪಾಯ್ತು."

ಭಾನುಪ್ರಿಯಾಳ ಮುಖ ಕೆಂಪಾಯಿತು. "ಕೇಳಿದ್ದಿದ್ರೆ ಎಲೆ ಏನು, ಗಿಡಾನೇ ಕಿತ್ತು ಕೊಡ್ತಿದ್ದೆ."

"ಗೊತ್ತು. ಅದಕ್ಕೇ ಇನ್ನೂ ನಾಚಿಕೆ ಆಗ್ತಿದೆ."

ಭಾನುಪ್ರಿಯಾ ಕಿಟಕಿಯತ್ತ ನೋಡಿದಳು. ಮತ್ತೆ ಮಾತಾಡಿದಾಗ ದನಿಯಲ್ಲಿ ಮುನಿಸು ಇಳಿದಿತ್ತು. "ಬೀಜದ ವಿಷಯದಲ್ಲಿ ನೀವು ತಪ್ಪು. ಇನ್ನೊಂದು ವಿಷಯದಲ್ಲಿ ಪೂರ್ತಿ ತಪ್ಪೇನಲ್ಲ. ದೀಪಾವಳಿ ಟೈಮಲ್ಲಿ ನಾನೇ ಅವರನ್ನ ಕೇಳಿದ್ದೆ... ಮದುವೆ ಆಗೋಣ್ವಾ ಅಂತ."

"ಅವರೇನಂದ್ರು?" ಎಂದಳು ಸೌಜನ್ಯ.

"ಹೈದರಾಬಾದಿಂದ ಒಬ್ರು ಬರ್ಬೇಕು, ಅವರಿಗೆ ಇನ್ನೂ ಏನೂ ಹೇಳಿಲ್ಲ ಅಂದ್ರು. ನಂಗೂ ಬೇಜಾರಾಯ್ತು. ನಿಮ್ಮನ್ನ ನೋಡೋಕೆ ಮುಂಚೆಯೇ ನಿಮ್ಮ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೀನಿ. ಲೆಕ್ಕ ಸರಿಹೋಯ್ತು ಬಿಡಿ." ನಗಲು ಪ್ರಯತ್ನಿಸಿದಳು. "ಹೋಗಿ. ಅವರು ಬೆಳಿಗ್ಗೆಯಿಂದ ನಿಮ್ಮ ಬೀಜ ಕಟ್ಟಿಡ್ತಿದ್ದಾರಂತೆ, ವಾಪಸ್ ಕೊಡೋಕೆ."

ಮೇಲೂರಿನ ದಾರಿ ಅವತ್ತು ಮುಗಿಯುವಂತೆಯೇ ಇರಲಿಲ್ಲ.

ಮುರಳಿ ಪಂಪ್‌ಹೌಸಿನ ನೆರಳಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು, ಬಿಳಿ ಬಟ್ಟೆಯ ಗಂಟೊಂದನ್ನು ಕೈಗಿಟ್ಟ. ಜೊತೆಗೆ ಒಂದು ಚೀಲ ಹಸಿಕಾಯಿ.

"ಬೀಜ ನಿಮ್ಗೆ. ಒಂದು ಕಾಳೂ ಕಡಿಮೆ ಇಲ್ಲ. ಕಾಯಿ ನಿಮ್ಮಮ್ಮಂಗೆ. ನಂಗೆ ಬೇಜಾರು ನಿಮ್ಮ ಮೇಲೆ, ಅವರ ಮೇಲಲ್ಲ."

"ಮುರಳಿ..."

"ಟೆಸ್ಟ್ ಏನಾಯ್ತು, ಮೇಡಂ?"

"ನಾನು ಫೇಲ್ ಆದೆ."

ಅವನ ತುಟಿಯಂಚು ಅಲುಗಿತು. ಆದರೂ ಬಿಗಿದುಕೊಂಡೇ ಹೇಳಿದ. "ಗಂಡನ ಫೋನ್ ತೆಗೆದು ನೋಡೋ ಹೆಂಗಸರನ್ನ ಕಂಡಿದ್ದೀನಿ. ಎಲೆಯ ಡಿಎನ್‌ಎ ತೆಗೆದು ನೋಡೋಳು ಈ ಸೀಮೆಲೇ ನೀವೊಬ್ರೇ."

ಸೌಜನ್ಯಳಿಗೆ ನಗು ಬಂತು, ಅದರ ಹಿಂದೆಯೇ ಅಳು. "ನಂಗೆ ಸಂಕಟ ಆಗಿದ್ದು ಬೀಜಕ್ಕಲ್ಲ. ಆ ಮುಚ್ಚಳದಲ್ಲಿ ಅವಳು ಟೀ ಕುಡೀತಿದ್ಲಲ್ಲ, ಅದಕ್ಕೆ. ನೀವು ಭಾನು ಅಂದ್ರಲ್ಲ, ಅದಕ್ಕೆ. ಅದನ್ನ ಹೇಳೋಕೆ ನಾಚಿಕೆ ಆಗಿ ನಿಮ್ಮನ್ನ ಕಳ್ಳ ಮಾಡ್ದೆ."

ಮುರಳಿ ಕಾಲಬಳಿ ಉದುರಿದ್ದ ಒಂದು ಒಣಕಾಯಿಯನ್ನು ಎತ್ತಿ ಸಿಪ್ಪೆ ಬಿಡಿಸಿದ. "ಆರು ತಿಂಗಳು ಈ ಗಿಡಗಳನ್ನ ಮಕ್ಕಳ ಹಂಗೆ ನೋಡ್ಕೊಂಡೆ. ನೀವು ಒಂದು ಮಾತು ಕೇಳದೆ..."

"ಇನ್ಮೇಲೆ ಮೊದಲು ಕೇಳ್ತೀನಿ. ಎಷ್ಟೇ ಹೊಟ್ಟೆ ಉರಿದ್ರೂ ನಿಮ್ಮನ್ನೇ ಕೇಳ್ತೀನಿ." ಅವಳು ಗಂಟನ್ನು ಅವನ ಕೈಗೇ ಮರಳಿಸಿದಳು. "ಇದು ನಿಮ್ಮ ಹತ್ರಾನೇ ಇರ್ಲಿ. ಬೀಜಾನೂ... ನಾನೂ."

ಗಾಳಿಗೆ ಅವರೆ ಬಳ್ಳಿಗಳು ಸರಸರ ಅಂದವು. ಅವನು ಫ್ಲಾಸ್ಕ್ ತೆಗೆದು, ಮುಚ್ಚಳ ತೊಳೆದು, ಟೀ ಬಗ್ಗಿಸಿ ಅವಳ ಮುಂದೆ ಹಿಡಿದ.

"ತಗೊಳ್ಳಿ ಸೌಜನ್ಯ."

ಆ ಹೆಸರು ಕೇಳಿ ಅವಳ ಕಣ್ಣು ತುಂಬಿತು. ಮುಚ್ಚಳ ಹಿಡಿದ ಅವನ ಕೈಯನ್ನೇ ಹಿಡಿದು ಮುಖದ ಹತ್ತಿರ ತಂದುಕೊಂಡಳು. ಚೀಲಕ್ಕೆ ಹಸಿಕಾಯಿ ಕಿತ್ತ ಜಿಡ್ಡು ಇನ್ನೂ ಬೆರಳುಗಳಲ್ಲಿತ್ತು. ಅಮ್ಮನ ಮಡಕೆಯ, ತನ್ನ ಅಷ್ಟೂ ವರ್ಷಗಳ ಸೊಗಡು.

"ಇದು ನಮ್ದೇ," ಎಂದಳು.

"ಟೆಸ್ಟ್ ಬೇಡ್ವಾ?"

"ಬೇಡ," ಎಂದಳು ಸೌಜನ್ಯ, ಕೈ ಬಿಡದೆ.