ಹಿಮ್ಮಡಿಯ ಮಣ್ಣು

ಕಲ್ಲುಗಳೂ ಕಿವಿಗೊಟ್ಟು ಕತೆ ಕೇಳುತ್ತಿದ್ದ ಕಾಲದಲ್ಲಿ ಏಳುಕೆರೆ ಎಂಬ ರಾಜ್ಯವಿತ್ತು. ಅದರ ಗಡಿಯ ಗುಡಿಸಲಲ್ಲಿ ತುಂಬೆ ಎಂಬ ಹುಡುಗಿ ಅಜ್ಜಿಯೊಂದಿಗಿದ್ದಳು. ಊರು ಬಿಟ್ಟು ಓಡಿಬಂದವರು. ಹೊಳೆಯಾಚೆಯ ಅವರ ಊರಾದ ಸುರಗಿಯನ್ನು ಬೂದಿಗಣ್ಣನೆಂಬ ಮಾಂತ್ರಿಕ ಹಿಡಿದು, ಸಿಕ್ಕವರನ್ನೆಲ್ಲ ಕಲ್ಲು ಮಾಡಿದ್ದ. ತುಂಬೆಯ ಅವ್ವನೂ ಕಲ್ಲಾಗಿದ್ದಳು. ಬಿಡುಗಡೆಯ ಮಂತ್ರವನ್ನು ಅವನೇ ಊರಬಾಗಿಲ ಬಂಡೆಯ ಮೇಲೆ ಕೆತ್ತಿದ್ದ. ಸುರಗಿಯವರೇ ಓದಿದರೆ ಮಾತ್ರ ಅದು ಫಲಿಸುತ್ತಿತ್ತು. ಸೊಕ್ಕು ನೋಡಿ! ಸುರಗಿಯಲ್ಲಿ ಓದು ಬಲ್ಲವರು ಒಬ್ಬರೂ ಇಲ್ಲವೆಂದು ಅವನಿಗೆ ಗೊತ್ತಿತ್ತು.

"ನನಗೆ ಅಕ್ಷರ ಕಲಿಸಿ," ಎಂದು ತುಂಬೆ ಪಾಠಶಾಲೆಯ ಐಗಳ ಮುಂದೆ ನಿಂತಳು.

ಐಗಳ ಮುಖ ಸಪ್ಪಗಾಯಿತು. "ಮೊದಲ ಅಕ್ಷರಾನ ಸ್ವಂತ ಅಂಗಳದ ಮಣ್ಣಲ್ಲೇ ತಿದ್ದಬೇಕು, ಮಗಳೇ. ರಾಜರ ಕಟ್ಟಳೆ. ಮಣ್ಣಿಲ್ಲದವರನ್ನ ಒಳಗೆ ಬಿಟ್ಟರೆ ನನ್ನ ತಲೆ ಹೋಗುತ್ತೆ."

ತುಂಬೆಯ ಅಂಗಳ ಹೊಳೆಯಾಚೆ ಇತ್ತು. ಅಜ್ಜಿ ಅತ್ತು ಕರೆದರೂ ಕೇಳದೆ ಅವಳು ಬರಿಗಾಲಲ್ಲಿ ತೂಗುಸೇತುವೆ ದಾಟಿದಳು.

ಆ ತುದಿಯಲ್ಲಿ ಮೂರು ಕಣ್ಣಿನ ತೋಳ ಅಡ್ಡ ನಿಂತಿತು. "ಯಾರು ನೀನು?"

ತುಂಬೆ ಸೇತುವೆಯ ಹಗ್ಗ ಹಿಡಿದುಕೊಂಡಳು. "ಸುರಗಿಯ ತುಂಬೆ. ಓದೋಕೆ ಹೊರಟವಳು."

ಓದುವವರನ್ನು ತೋಳ ಕಂಡೇ ಇರಲಿಲ್ಲ. ತಿನ್ನುವಂಥದ್ದೋ ಅಲ್ಲವೋ ತಿಳಿಯದೆ, ಮೂಸಿ ನೋಡಿ ಪಕ್ಕಕ್ಕೆ ಸರಿಯಿತು.

ಮುಂದಿನ ತೋಪಿನಲ್ಲಿ ಎಲೆಯೂ ಅಲುಗುತ್ತಿರಲಿಲ್ಲ. ಕಾಗೆಯೊಂದು ಅವ್ವನ ದನಿಯಲ್ಲೇ ಕರೆಯಿತು. "ಯಾರೇ ಅದು? ನನ್ನ ತುಂಬೇನಾ? ಇಲ್ಲಿ ಬಾ."

ಆ ದನಿ ನಂಬಿ ಹೋದವರ ಎಲುಬುಗಳು ಮರದ ಬುಡದಲ್ಲಿ ಬಿದ್ದಿದ್ದವು. ತುಂಬೆಗೆ ಅಳು ಒತ್ತರಿಸಿ ಬಂತು. "ಸುರಗಿಯ ತುಂಬೆ. ಓದೋಕೆ ಹೊರಟವಳು," ಎಂದು ತನಗೇ ಹೇಳಿಕೊಳ್ಳುತ್ತ, ಕಿವಿ ಮುಚ್ಚಿಕೊಂಡು ಓಡಿದಳು.

ಅಂಗಳದಲ್ಲಿ ಅವ್ವ ಪೊರಕೆ ಹಿಡಿದ ಹಾಗೇ ಕಲ್ಲಾಗಿ ನಿಂತಿದ್ದಳು. ಅವಳ ಪಾದದ ಬಳಿ ತುಂಬೆ ಎರಡು ಹಿಡಿ ಕೆಮ್ಮಣ್ಣು ಬಾಚಿಕೊಂಡಳು. ಬೆನ್ನಿಗೆ ತಣ್ಣನೆಯ ಉಸಿರು ತಾಕಿತು.

"ಯಾರು ನೀನು?" ಬೂದಿಗಣ್ಣ ನಿಂತಿದ್ದ.

ಅವಳು ಮುಷ್ಟಿ ಬಿಗಿ ಮಾಡಿದಳು. "ಸುರಗಿಯ... ತುಂಬೆ. ಓದೋಕೆ..."

ಏಳುಕೆರೆಯ ಕಟ್ಟಳೆ ಅವನಿಗೂ ಗೊತ್ತಿತ್ತು. ಅವಳ ಮುಷ್ಟಿ ಬಿಡಿಸಿ ಮಣ್ಣನ್ನೆಲ್ಲ ಊದಿಬಿಟ್ಟ. "ಹೋಗು. ಬರಿಗೈಲಿ ಅದೇನು ಓದ್ತೀಯೋ ನೋಡ್ತೀನಿ," ಎಂದು ಗಹಗಹಿಸಿ ನಕ್ಕ. ತುಂಬೆ ಕಾಲಿಗೆ ಬುದ್ಧಿ ಹೇಳಿದಳು.

ಪಾಠಶಾಲೆಯ ಮೆಟ್ಟಿಲ ಬಳಿ ಕಾಲು ತೊಳೆಯಲು ನೀರು ಇಟ್ಟಿತ್ತು. ಸೋತೆನೆಂದು ಐಗಳಿಗೆ ಹೇಳಿ ಹೋಗೋಣವೆಂದು ಅವಳು ಚೊಂಬು ಎತ್ತಿದಳು.

"ತೊಳೀಬೇಡ!" ಐಗಳು ಕೂಗುತ್ತ ಓಡಿಬಂದರು. "ನಮ್ಮದು ಕರಿನೆಲ ಕಣೇ. ನಿನ್ನ ಹಿಮ್ಮಡಿ ನೋಡ್ಕೋ!"

ಹಿಮ್ಮಡಿಯ ಬಿರುಕುಗಳ ತುಂಬ ಕೆಮ್ಮಣ್ಣು ಕೂತಿತ್ತು. ಐಗಳು ಅವಳ ಕಾಲ ಬಳಿ ಕುಳಿತು, ಅದನ್ನು ಕಡ್ಡಿಯಿಂದ ಹಲಗೆಯ ಮೇಲೆ ಕೆರೆದರು. ಒಂದು ಅಕ್ಷರಕ್ಕೆ ಸಾಕಾಯಿತು.

ಮಳೆಗಾಲ ಕಳೆಯುವಷ್ಟರಲ್ಲಿ ತುಂಬೆ ಓದು ಕಲಿತಳು. ಮತ್ತೆ ಅದೇ ತೋಳ, ಅದೇ ಕಾಗೆ, ಅದೇ ಹೆದರಿಕೆ. ಊರಬಾಗಿಲ ಬಂಡೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಬೂದಿಗಣ್ಣ ಬೊಬ್ಬೆಯಿಡುತ್ತ ಬಂದ. ಕೊನೆಯ ಅಕ್ಷರಕ್ಕೆ ಬರುವಾಗ ಅವನ ಬೆರಳು ಅವಳ ಕೊರಳಿಗೆ ತಾಕಿತ್ತು. ಅವಳು ಓದಿ ಮುಗಿಸಿದಳು. ಹೆಗಲ ಮೇಲೆ ಒಂದಿಷ್ಟು ಬೂದಿ ಉದುರಿತು, ಅಷ್ಟೇ.

ಊರಿಗೆ ಊರೇ ಮೈಮುರಿದು ಎದ್ದಿತು. ಆಮೇಲೆ ರಾಜ ಆ ಕಟ್ಟಳೆಯನ್ನು ಕಿತ್ತುಹಾಕಿದ, ಸುರಗಿಯಲ್ಲೂ ಪಾಠಶಾಲೆ ಎದ್ದಿತು, ಅಜ್ಜಿಯೂ ಮನೆ ಸೇರಿದಳು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಆದರೆ ಆ ದಿನ ಎಲ್ಲಕ್ಕಿಂತ ಮೊದಲು ಅವ್ವ ಪೊರಕೆ ಕೆಳಗಿಟ್ಟು ಮಗಳ ಕಾಲು ನೋಡಿದಳು.

"ಎಷ್ಟು ಮಣ್ಣು ಮೆತ್ಕೊಂಡು ಬಂದಿದೀಯೇ! ಕಾಲು ತೊಳ್ಕೊಂಡು ಒಳಗೆ ಬಾ."

ತುಂಬೆ ಅಳುತ್ತಲೇ ತೊಳೆದುಕೊಂಡಳು.